ಟೊಂಗ್ ದಿಝೌ: ಕೋಶಕೇಂದ್ರ, ಕೋಶದ್ರವ್ಯ ಮತ್ತು ಮೀಸೆಯ ಮೀನು

ಚೀನಾದಲ್ಲಿ ಪ್ರಾಯೋಗಿಕ ಭ್ರೂಣಶಾಸ್ತ್ರಕ್ಕೂ ಕೋಶವಿಜ್ಞಾನಕ್ಕೂ ಬುನಾದಿ ಹಾಕಿದವರಲ್ಲಿ ಟೊಂಗ್ ದಿಝೌ ಪ್ರಮುಖರು. ಹಳೆಯ ಪ್ರಬಂಧಗಳಲ್ಲಿ ಅವರ ಹೆಸರು ‘ಟಿ. ಸಿ. ಟುಂಗ್’ ಎಂದು ಅಚ್ಚಾಗಿದೆ. ಅವುಗಳಲ್ಲೇ ಕಾಣುವ ‘ವೈ. ಎಫ್. ವೈ. ಟುಂಗ್’ ಎಂಬುದು ಅವರ ಪತ್ನಿ, ದಶಕಗಳ ಕಾಲ ಅವರ ಸಹಸಂಶೋಧಕಿಯಾಗಿದ್ದ ಯೆ ಯುಫೆನ್ ಅವರ ಹೆಸರು. ನಾನು ಮೊದಲ ಓದಿನಲ್ಲಿ ಇಬ್ಬರನ್ನೂ ಒಬ್ಬರೆಂದೇ ಬರೆದುಕೊಂಡಿದ್ದೆನಾದ್ದರಿಂದ ಇದನ್ನು ಆರಂಭದಲ್ಲೇ ಹೇಳುತ್ತಿದ್ದೇನೆ.

ಟೊಂಗ್ 1902ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ನಿಂಗ್ಬೊ ಸೀಮೆಯಲ್ಲಿ ಹುಟ್ಟಿದರು. 1927ರಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, 1930ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ಗೆ ಹೋಗಿ, 1934ರಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದರು. ಕಪ್ಪೆಯ ಮೊಟ್ಟೆಯ ಹೊರಪೊರೆಯನ್ನು ಸುಲಿಯುವುದು ಅಲ್ಲಿನ ಪ್ರಯೋಗಾಲಯದಲ್ಲಿ ಯಾರ ಕೈಗೂ ಬಗ್ಗದ ಕೆಲಸವಾಗಿತ್ತಂತೆ. ಟೊಂಗ್ ಮೊದಲು ಸೂಜಿಯ ಮೊನೆಯಿಂದ ಮೊಟ್ಟೆಯನ್ನು ಚುಚ್ಚಿ, ಒಳಗಿನ ಬಿಗಿ ಸಡಿಲವಾದ ಮೇಲೆ ಚಿಮುಟದಿಂದ ಪೊರೆಯನ್ನು ಎರಡೂ ಕಡೆಗೆ ಎಳೆದು ಬಿಡಿಸಿದರೆಂದು ಚೀನಾದ ಮಕ್ಕಳಿಗೆ ಇಂದಿಗೂ ಹೇಳಿಕೊಡುತ್ತಾರೆ.

ಜಪಾನ್ ವಿರುದ್ಧದ ಯುದ್ಧಕಾಲದಲ್ಲಿ ಅವರು ಸಿಚುವಾನ್‌ನ ಲಿಝುವಾಂಗ್ ಎಂಬ ನದೀತೀರದ ಊರಿನಲ್ಲಿ ಪಾಠ ಹೇಳುತ್ತಿದ್ದರು. ವಿದ್ಯುತ್ತಿಲ್ಲದ ಆ ಊರಿನಲ್ಲಿ ಸಾಲ ಮಾಡಿ ಕೊಂಡ ಹಳೆಯ ಸೂಕ್ಷ್ಮದರ್ಶಕವನ್ನು ಹಗಲಿನ ಬೆಳಕಿಗೆ ಇಟ್ಟುಕೊಂಡು ದಂಪತಿಗಳು ಕೆಲಸ ನಡೆಸಿದರು. ಸ್ವತಃ ಭ್ರೂಣವಿಜ್ಞಾನದಲ್ಲಿ ಪಳಗಿದ್ದ ಬ್ರಿಟಿಷ್ ವಿಜ್ಞಾನಿ ಜೋಸೆಫ್ ನೀಡಂ 1943ರಲ್ಲಿ ಅಲ್ಲಿಗೆ ಬಂದು ಅವರ ಕೆಲಸವನ್ನು ಕಣ್ಣಾರೆ ಕಂಡರು. 1950ರಲ್ಲಿ ಚಿಂಗ್‌ದಾವ್‌ನಲ್ಲಿ ಕಡಲಜೀವಿಗಳ ಸಂಶೋಧನಾಲಯ ಕಟ್ಟುವುದರಲ್ಲಿ ಟೊಂಗ್ ಮುಂದಾಳಾಗಿದ್ದರು. 1978ರಲ್ಲಿ ಚೀನಾ ವಿಜ್ಞಾನ ಅಕಾಡೆಮಿಯ ಉಪಾಧ್ಯಕ್ಷರಾದ ಅವರು 1979ರ ಮಾರ್ಚ್‌ನಲ್ಲಿ ತೀರಿಕೊಂಡರು.

ಅವರ ಸಂಶೋಧನೆಗಳನ್ನು ಬಿಡಿಬಿಡಿಯಾಗಿ ನೆನಪಿಟ್ಟುಕೊಳ್ಳಲು ಹೊರಟರೆ ಎಲ್ಲವೂ ಕಲಸಿಹೋಗುತ್ತದೆ. ನಾನು ಕಂಡುಕೊಂಡ ದಾರಿಯೆಂದರೆ ಎಲ್ಲವನ್ನೂ ಒಂದೇ ಪ್ರಶ್ನೆಗೆ ಕಟ್ಟುವುದು: ಜೀವಿಯ ರೂಪವನ್ನು ನಿರ್ಧರಿಸುವುದರಲ್ಲಿ ಕೋಶಕೇಂದ್ರದ (ನ್ಯೂಕ್ಲಿಯಸ್) ಪಾಲೆಷ್ಟು, ಅದರ ಸುತ್ತಲಿರುವ ಮೊಟ್ಟೆಯ ಕೋಶದ್ರವ್ಯದ ಪಾಲೆಷ್ಟು? ಆಂಫಿಯಾಕ್ಸಸ್ ಎಂಬ ಪುಟ್ಟ ಕಡಲಜೀವಿಯ ಎಳೆಯ ಭ್ರೂಣದ ಕೋಶಗಳನ್ನು ಬೇರ್ಪಡಿಸಿ, ಮತ್ತೆ ಬೇರೆ ಕ್ರಮದಲ್ಲಿ ಜೋಡಿಸಿ ನೋಡಿದ್ದು ಈ ಪ್ರಶ್ನೆಗಾಗಿಯೇ. 1963ರಲ್ಲಿ ಮೀನಿನ ಮೊಟ್ಟೆಯಿಂದ ಕೋಶಕೇಂದ್ರವನ್ನು ತೆಗೆದು, ಅದೇ ಜಾತಿಯ ಭ್ರೂಣದ ಕೋಶಕೇಂದ್ರವನ್ನು ಇಟ್ಟು ಬೆಳೆಸಿದ್ದೂ ಇದಕ್ಕಾಗಿಯೇ. ಜಗತ್ತಿನ ಮೊದಲ ಪ್ರಾಣಿ ತದ್ರೂಪು (ಕ್ಲೋನ್) ಇದೇ ಎಂದು ಬರೆದುಕೊಂಡಿದ್ದರೆ ತಿದ್ದಿಕೊಳ್ಳಿ. ಕಪ್ಪೆಯಲ್ಲಿ ಈ ಕೆಲಸವನ್ನು ಅಮೆರಿಕದ ವಿಜ್ಞಾನಿಗಳಾದ ಬ್ರಿಗ್ಸ್ ಮತ್ತು ಕಿಂಗ್ 1952ರಲ್ಲೇ ಮಾಡಿದ್ದರು. ಟೊಂಗ್ ಅವರ ಹೆಗ್ಗಳಿಕೆ ಅದನ್ನು ಮೀನಿನಲ್ಲಿ ಸಾಧಿಸಿದ್ದು.

ನಾನು ಎರಡು ದಿನ ಸಿಕ್ಕಿಬಿದ್ದದ್ದು ಇದರ ಮುಂದಿನ ಹಂತದಲ್ಲಿ. 1970ರ ದಶಕದಲ್ಲಿ ಅವರ ತಂಡ ಸಾಮಾನ್ಯ ಗೆಂಡೆ ಮೀನಿನ ಭ್ರೂಣದ ಕೋಶಕೇಂದ್ರವನ್ನು ಬೇರೆ ಕುಲದ ಕ್ರೂಶಿಯನ್ ಕಾರ್ಪ್ ಮೀನಿನ ಮೊಟ್ಟೆಗೆ ಇಟ್ಟು ಮೀನು ಬೆಳೆಸಿತು. ಪ್ರಬಂಧ ಹೊರಬಂದದ್ದು ಟೊಂಗ್ ತೀರಿಕೊಂಡ ಮೇಲೆ, 1980ರಲ್ಲಿ. ಮೊಟ್ಟೆಯ ಸ್ವಂತ ಕೋಶಕೇಂದ್ರ ಪೂರ್ತಿ ಹೋಗಿದೆ ಎಂದು ತಿಳಿಯುವುದು ಹೇಗೆ? ವರ್ಣತಂತುಗಳನ್ನು (ಕ್ರೋಮೋಸೋಮ್) ಎಣಿಸಿದರಾಯಿತು ಎಂದುಕೊಂಡೆ. ಆದರೆ ಎರಡೂ ಮೀನುಗಳಲ್ಲಿ ವರ್ಣತಂತುಗಳು ಸುಮಾರು 100. ಹಾಗಾದರೆ ಎಣಿಕೆಯಿಂದ ಏನೂ ತಿಳಿಯದಲ್ಲ ಎಂಬಲ್ಲಿಗೆ ನಾನು ನಿಂತುಬಿಟ್ಟೆ.

ಗಂಟು ಬಿಡಿಸಿಕೊಳ್ಳಲು ಮೂರು ಸಾಧ್ಯತೆಗಳನ್ನು ಬೇರೆಬೇರೆಯಾಗಿ ಬರೆದು ನೋಡಬೇಕಾಯಿತು. ಮೊಟ್ಟೆಯ ಕೋಶಕೇಂದ್ರದಲ್ಲಿರುವುದು ಅರ್ಧದಷ್ಟೇ ವರ್ಣತಂತುಗಳು, ಎಂದರೆ ಸುಮಾರು 50. ಅದು ಉಳಿದುಕೊಂಡು ಹೊಸದಾಗಿ ಬಂದ 100ರೊಂದಿಗೆ ಕೂಡಿದ್ದರೆ ಒಟ್ಟು 150 ಆಗುತ್ತಿತ್ತು. ಆದ್ದರಿಂದ 100 ಎಂಬ ಎಣಿಕೆ ಈ ಬೆರಕೆಯನ್ನು ತಳ್ಳಿಹಾಕುತ್ತದೆ. ಕಸಿಯ ಕೋಶಕೇಂದ್ರ ನಾಶವಾಗಿ, ಮೊಟ್ಟೆಯದೇ 50 ಇಮ್ಮಡಿಯಾಗಿ 100 ಆಗಿದ್ದರೆ? ಇದನ್ನು ಎಣಿಕೆ ಹಿಡಿಯಲಾರದು, ಮೀಸೆ ಹಿಡಿಯುತ್ತದೆ: ಗೆಂಡೆಗೆ ಬಾಯಿಯ ಬಳಿ ಎರಡು ಜೊತೆ ಮೀಸೆಗಳಿವೆ, ಕ್ರೂಶಿಯನ್ ಕಾರ್ಪ್‌ಗೆ ಒಂದೂ ಇಲ್ಲ. ಬೆಳೆದ ಮೀನಿಗೆ ಮೀಸೆ ಇತ್ತು. ಎಣಿಕೆ ಮತ್ತು ಮೀಸೆ ಎರಡನ್ನೂ ಕೂಡಿಸಿ ಓದಿದಾಗಲೇ ಉಳಿದ ಮೂರನೆಯ ಸಾಧ್ಯತೆ, ಎಂದರೆ ಕಸಿಯೇ ಬೆಳೆದದ್ದು, ಗಟ್ಟಿಯಾಗುತ್ತದೆ. ಪರೀಕ್ಷೆಯಲ್ಲಿ ಒಂದನ್ನು ಮಾತ್ರ ಬರೆದರೆ ವಾದ ಅರ್ಧಕ್ಕೇ ನಿಲ್ಲುತ್ತದೆ.

ಮೀಸೆ ಕೋಶಕೇಂದ್ರದ ಕಡೆಗೆ ವಾಲಿದರೂ ಬೆನ್ನೆಲುಬಿನ ಮಣಿಗಳ ಸಂಖ್ಯೆ ಮೊಟ್ಟೆ ಕೊಟ್ಟ ಮೀನಿನ ಕಡೆಗೆ ವಾಲಿತ್ತು. ಟೊಂಗ್ ಅವರ ಪ್ರಶ್ನೆಗೆ ಇದೇ ನಿಜವಾದ ಉತ್ತರವೆಂದು ನನಗನಿಸುತ್ತದೆ. 1973ರಲ್ಲಿ ನಿಯು ಮಾನ್‌ಜಿಯಾಂಗ್ ಜೊತೆಗೂಡಿ ಪ್ರಕಟಿಸಿದ, ಕ್ರೂಶಿಯನ್ ಕಾರ್ಪ್‌ನ ಮೊಟ್ಟೆಯಿಂದ ತೆಗೆದ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ಅಣು) ಚುಚ್ಚಿದ ಜೋಡಿ ಬಾಲದ ಚಿನ್ನದ ಮೀನಿನಲ್ಲಿ ಒಂಟಿ ಬಾಲ ಮೂಡಿತೆಂಬ ಫಲಿತಾಂಶ ವಿವಾದಕ್ಕೊಳಗಾಯಿತು, ಅದನ್ನು ಇದರೊಂದಿಗೆ ಸಮ ಮಾಡಬಾರದು. ಬೆನ್ನೆಲುಬಿನ ಮಾತಾದರೋ 2005ರಲ್ಲಿ ಮತ್ತೆ ದೃಢಪಟ್ಟಿತು. ಆ ವರ್ಷ ವುಹಾನ್‌ನ ಸಂಶೋಧಕರು ಗೆಂಡೆಯ ಕೋಶಕೇಂದ್ರವನ್ನು ಚಿನ್ನದ ಮೀನಿನ ಮೊಟ್ಟೆಗಿಟ್ಟು ಏಳು ಮೀನುಗಳನ್ನು ಬೆಳೆಸಿದರು. ಅವುಗಳ ಕೋಶಕೇಂದ್ರದ ಡಿಎನ್‌ಎ ಪೂರ್ತಿ ಗೆಂಡೆಯದೇ ಆಗಿತ್ತು. ಬೆನ್ನೆಲುಬಿನ ಮಣಿಗಳ ಎಣಿಕೆ ಮಾತ್ರ ಚಿನ್ನದ ಮೀನಿನದಾಗಿತ್ತು.