ಬಂದವರ ಲೆಕ್ಕ, ಇರುವವರ ಲೆಕ್ಕ

ಇಂಗ್ಲೆಂಡಿನಲ್ಲಿ ಎಲ್ಲೇ ನಿಂತರೂ ನೀವು ಹೆಚ್ಚು ಕಡಿಮೆ ಯಾವುದೋ ಒಂದು ಪ್ಯಾರಿಷ್ ಒಳಗೇ ಇರುತ್ತೀರಿ. ಪ್ಯಾರಿಷ್ ಅಂದರೆ ಒಂದು ಚರ್ಚಿನ ಪಾಲಿಗೆ ಬಂದ ಪ್ರದೇಶ. ಹೊಲ, ಗೋದಾಮು, ಹೊಸದಾಗಿ ಎದ್ದ ಬಡಾವಣೆ, ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್, ಎಲ್ಲಕ್ಕೂ ಒಬ್ಬ ಪಾದ್ರಿ ಇದ್ದಾರೆ. ಆ ಗಡಿಯೊಳಗಿನ ಎಲ್ಲರ ಹೊಣೆಯೂ ಅವರದೇ ಅನ್ನುವುದು ಅಲ್ಲಿನ ಸರ್ಕಾರಿ ಚರ್ಚಾದ ಚರ್ಚ್ ಆಫ್ ಇಂಗ್ಲೆಂಡಿನ ಹಳೆಯ ನಿಯಮ. ಚರ್ಚಿಗೆ ಕಾಲಿಡದವರು, ಬೇರೆ ಧರ್ಮದವರು, ಯಾವ ಧರ್ಮವೂ ಬೇಡ ಅನ್ನುವವರು ಕೂಡ ಆ ಲೆಕ್ಕದಲ್ಲೇ ಬರುತ್ತಾರೆ.

ಆದರೆ ಗಡಿಯೊಳಗೆ ಯಾರಿದ್ದಾರೆ ಅಂತ ಪಾದ್ರಿಗೆ ಗೊತ್ತಾಗುವುದು ಹೇಗೆ? ಭಾನುವಾರ ಬೆಂಚಿನಲ್ಲಿ ಕೂತವರನ್ನು ಎಣಿಸಬಹುದು. ಉಳಿದವರನ್ನು? ಈಗ ಉತ್ತರ ಸುಲಭ. ಕಂಪ್ಯೂಟರಿನಲ್ಲಿ ಪ್ಯಾರಿಷ್ ಹೆಸರು ಹುಡುಕಿದರೆ ಸಾಕು. ಎಷ್ಟು ಜನ, ಯಾವ ವಯಸ್ಸಿನವರು, ಬಡತನದ ಪಟ್ಟಿಯಲ್ಲಿ ಆ ಪ್ಯಾರಿಷ್ ಎಷ್ಟನೆಯದು, ಎಲ್ಲ ಸಿಗುತ್ತದೆ. ಇಲ್ಲಿಗೆ ಬರಲು ಸುಮಾರು ಐದು ಶತಮಾನ ಹಿಡಿಯಿತು. ಲೆಕ್ಕ ಹಾಕುವುದು ಕಷ್ಟವಾಗಿದ್ದರಿಂದಷ್ಟೇ ಇಷ್ಟು ತಡವಾಯಿತು ಅನ್ನಲಾಗದು. ಚರ್ಚು ಬಹುಕಾಲ ಬೇರೆಯೇ ಪ್ರಶ್ನೆ ಕೇಳುತ್ತಿತ್ತು.

ಮೊದಲ ಹೆಜ್ಜೆ 1538ರದು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್‌ನಲ್ಲೂ ಒಂದು ಪುಸ್ತಕ ಇಡಬೇಕು ಅಂತ ಅಪ್ಪಣೆ ಮಾಡಿದ. ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರನ್ನೂ ಅದರಲ್ಲಿ ಬರೆಯಬೇಕು. ಇದು ಹೊಸ ತೆರಿಗೆಗೆ ಪೀಠಿಕೆ ಅಂತ ಜನ ಹೆದರಿದರು. ಹೆದರಿಕೆ ಸುಳ್ಳಾಯಿತು, ಪುಸ್ತಕ ಉಳಿಯಿತು. ಆದರೆ ಅದರಲ್ಲಿ ಸಿಗುವುದು ಬದುಕಿನ ಮೂರು ದಿನಗಳು ಮಾತ್ರ. ನಡುವಿನ ವರ್ಷಗಳಲ್ಲಿ ಆ ಮನುಷ್ಯ ಎಲ್ಲಿದ್ದ, ಏನು ಮಾಡುತ್ತಿದ್ದ ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ.

1676ರಲ್ಲಿ ಒಂದು ಎಣಿಕೆಯೇ ನಡೆಯಿತು. ಅದನ್ನು ಮಾಡಿಸಿದವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಗಿಲ್ಬರ್ಟ್ ಶೆಲ್ಡನ್. ಹೆಸರು ಮಾತ್ರ ಲಂಡನ್ನಿನ ಬಿಷಪ್ ಹೆನ್ರಿ ಕಾಂಪ್ಟನ್ ಅವರದು ಉಳಿಯಿತು. ಪಾದ್ರಿಗಳಿಗೆ ಕೇಳಿದ್ದು ಇಷ್ಟು: ನಿಮ್ಮ ಪ್ಯಾರಿಷ್‌ನಲ್ಲಿ ಎಷ್ಟು ಜನ? ಅವರಲ್ಲಿ ಕ್ಯಾಥೊಲಿಕರು ಎಷ್ಟು? ನಮ್ಮ ಚರ್ಚಿನಿಂದ ದೂರ ಉಳಿದ ಬೇರೆ ಪ್ರಾಟೆಸ್ಟೆಂಟರು ಎಷ್ಟು? ನಮ್ಮವರಲ್ಲದವರು ಬೆರಳೆಣಿಕೆಯಷ್ಟೇ ಅಂತ ತೋರಿಸುವುದೇ ಉದ್ದೇಶ. ಅವರಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ.

ಆ ಪ್ರಶ್ನೆ ಮೊದಲು ಕೇಳಿಸಿದ್ದು ಸ್ಕಾಟ್‌ಲೆಂಡಿನಲ್ಲಿ. ಶುರುವಾಗಿದ್ದು ಪಾದ್ರಿಗಳ ಮನೆಯ ಚಿಂತೆಯಿಂದಲೇ. ಪಾದ್ರಿ ತೀರಿಕೊಂಡರೆ ಹೆಂಡತಿ ಮಕ್ಕಳ ಗತಿಯೇನು? 1740ರ ದಶಕದಲ್ಲಿ ಅಲೆಕ್ಸಾಂಡರ್ ವೆಬ್‌ಸ್ಟರ್, ರಾಬರ್ಟ್ ವಾಲೆಸ್ ಅನ್ನುವ ಇಬ್ಬರು ಪಾದ್ರಿಗಳು ವಿಧವೆಯರ ನಿಧಿಯೊಂದನ್ನು ಕಟ್ಟಿದರು. ವರ್ಷಕ್ಕೆ ಎಷ್ಟು ಪಾದ್ರಿಗಳು ಸಾಯುತ್ತಾರೆ, ಎಷ್ಟು ವಿಧವೆಯರು ಉಳಿಯುತ್ತಾರೆ ಅಂತ ಕೂತು ಲೆಕ್ಕ ಹಾಕಿಯೇ ಕಟ್ಟಿದ್ದು. ಅದೇ ವೆಬ್‌ಸ್ಟರ್ 1755ರ ಹೊತ್ತಿಗೆ ಪಾದ್ರಿಗಳ ಮೂಲಕ ಇಡೀ ಸ್ಕಾಟ್‌ಲೆಂಡಿನ ಜನರ ಲೆಕ್ಕ ತೆಗೆದ. ಬಂದ ಮೊತ್ತ 12,65,380.

ಮುಂದೆ ಬಂದವರು ಸರ್ ಜಾನ್ ಸಿಂಕ್ಲೇರ್. 1790ರಲ್ಲಿ ಇವರು ಸ್ಕಾಟ್‌ಲೆಂಡಿನ 938 ಪ್ಯಾರಿಷ್‌ಗಳ ಪಾದ್ರಿಗಳಿಗೂ ಪ್ರಶ್ನಾವಳಿ ಕಳಿಸಿದರು. ಒಂದೆರಡು ಪ್ರಶ್ನೆಯಲ್ಲ, 160ರ ಮೇಲೆ! ಜನಸಂಖ್ಯೆ, ಕೂಲಿ, ಬೆಳೆ, ದನಕರು, ಶಾಲೆ, ಬಡವರು, ಬರುವ ರೋಗ, ಏನುಂಟು ಏನಿಲ್ಲ. ಪಾಪ, ಎಷ್ಟೋ ಪಾದ್ರಿಗಳು ಉತ್ತರವನ್ನೇ ಕೊಡಲಿಲ್ಲ. ಸಿಂಕ್ಲೇರ್ ಬಿಡುವ ಆಸಾಮಿ ಅಲ್ಲ. ಮತ್ತೆ ಮತ್ತೆ ಕಾಗದ ಬರೆದರು. ಕೊನೆಗೆ ತಮ್ಮ ಕಡೆಯವರನ್ನೇ ಕಳಿಸಿ ಬಾಕಿ ಇದ್ದದ್ದನ್ನು ಬರೆಸಿಕೊಂಡರು. 1791ರಿಂದ 1799ರ ನಡುವೆ 21 ಸಂಪುಟ ಹೊರಬಂತು. ಇಷ್ಟು ಕೆಲಸ ಯಾಕೆ ಅಂದರೆ, ಅಲ್ಲಿನ ಜನ ಎಷ್ಟು ಸುಖವಾಗಿದ್ದಾರೆ, ಅದನ್ನು ಇನ್ನೂ ಹೆಚ್ಚಿಸುವುದು ಹೇಗೆ ಅಂತ ತಿಳಿಯಬೇಕಿತ್ತು. ನನ್ನ ಮಟ್ಟಿಗೆ ಈ ಕಥೆ ಶುರುವಾಗುವುದೇ ಇಲ್ಲಿಂದ.

ಅತ್ತ ಇಂಗ್ಲೆಂಡಿನಲ್ಲಿ ಎಣಿಕೆ ಅಂದರೆ ಇನ್ನೂ ಅಳುಕು. 1753ರಲ್ಲಿ ಜನಗಣತಿಯ ಮಸೂದೆ ಸಂಸತ್ತಿಗೆ ಬಂದು ಬಿದ್ದುಹೋಯಿತು. ಬೈಬಲ್ಲಿನಲ್ಲಿ ದಾವೀದ ರಾಜ ಜನರನ್ನು ಎಣಿಸಿದ ಕಥೆ ಇದೆ. ಆಮೇಲೆ ಪಿಡುಗು ಬಂದು 70 ಸಾವಿರ ಜನ ಸತ್ತರು. ಆ ಭಯ ಒಂದು ಕಡೆ. ಇದು ಇಂಗ್ಲಿಷರ ಸ್ವಾತಂತ್ರ್ಯಕ್ಕೇ ಕೊಡಲಿ ಅನ್ನುವ ವಾದ ಇನ್ನೊಂದು ಕಡೆ. ತಮಾಷೆ ಏನೆಂದರೆ, ಮಸೂದೆ ತಂದ ಥಾಮಸ್ ಪಾಟರ್ ಒಬ್ಬ ಆರ್ಚ್‌ಬಿಷಪ್ಪರ ಮಗ. ಕೊನೆಗೆ ಮೊದಲ ಜನಗಣತಿ ನಡೆದದ್ದು 1801ರ ಮಾರ್ಚ್ 10ರಂದು. ಆಗಲೂ ಪಾದ್ರಿಗಳು ಹಳೆಯ ಪುಸ್ತಕ ತೆಗೆದು, ದೀಕ್ಷಾಸ್ನಾನ ಎಷ್ಟು, ಸಮಾಧಿ ಎಷ್ಟು ಅಂತ ಕೂಡಿಸಿ ಕಳಿಸಬೇಕಾಯಿತು.

ಈಗ 1851ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ಆ ವರ್ಷದ ಜನಗಣತಿಯ ಜೊತೆಗೆ ಸರ್ಕಾರ ಇನ್ನೊಂದು ಕೆಲಸ ಮಾಡಿತು. ಮಾರ್ಚ್ 30ರ ಭಾನುವಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರತಿ ಆರಾಧನಾ ಸ್ಥಳದಲ್ಲಿ ಎಷ್ಟು ಜನ ಬಂದರು ಅಂತ ಬರೆದು ಕೊಡಿ ಅಂದಿತು. ಹೊಣೆ ಹೊತ್ತವರು ಹೊರೇಸ್ ಮ್ಯಾನ್ ಅನ್ನುವ ಯುವ ವಕೀಲ. ಫಾರಂ ಚಿಕ್ಕದು. ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು, ಸಂಜೆ ಎಷ್ಟು, ಭಾನುವಾರದ ಶಾಲೆಯಲ್ಲಿ ಎಷ್ಟು ಮಕ್ಕಳು. ಕೂರಲು ಎಷ್ಟು ಜಾಗ, ಅದರಲ್ಲಿ ಪುಕ್ಕಟೆ ಎಷ್ಟು. ಆಗೆಲ್ಲ ಚರ್ಚಿನ ಬೆಂಚಿಗೂ ಬಾಡಿಗೆ ಇರುತ್ತಿತ್ತು. ಕೊನೆಯಲ್ಲಿ ಷರಾ ಬರೆಯಲು ಒಂದು ಖಾಲಿ ಜಾಗ. ಜನ ಕಡಿಮೆ ಬಂದಿದ್ದರೆ ಪಾದ್ರಿಗಳು ಅಲ್ಲಿ ಕಾರಣ ತುಂಬುತ್ತಿದ್ದರು. ಮಳೆ ಅನ್ನುವುದು ಒಂದು, ಊರಲ್ಲಿ ಕಾಯಿಲೆ ಅನ್ನುವುದು ಇನ್ನೊಂದು. ಆ ಭಾನುವಾರ ಮಕ್ಕಳು ತಾಯಿಯನ್ನು ನೋಡಲು ಹೋಗುವ ವಾಡಿಕೆಯ ದಿನವೂ ಆಗಿತ್ತು.

ತೊಡಕು ಒಂದಿತ್ತು. ಬೆಳಿಗ್ಗೆ ಬಂದವರೇ ಸಂಜೆಯೂ ಬಂದರೆ? ಮ್ಯಾನ್ ಒಂದು ಸೂತ್ರ ಮಾಡಿದರು. ಬೆಳಗಿನವರು ಪೂರ್ತಿ ಲೆಕ್ಕಕ್ಕೆ, ಮಧ್ಯಾಹ್ನದವರು ಅರ್ಧ, ಸಂಜೆಯವರು ಮೂರರಲ್ಲಿ ಒಂದು ಪಾಲು. ಒಂದು ಚರ್ಚಿನಲ್ಲಿ ಬೆಳಿಗ್ಗೆ 100, ಮಧ್ಯಾಹ್ನ 60, ಸಂಜೆ 90 ಜನ ಇದ್ದರು ಅನ್ನಿ. ಹಾಜರಿ 250. ಮ್ಯಾನ್ ಲೆಕ್ಕದಲ್ಲಿ ಜನ 160. ಈ ಸೂತ್ರ ಎಲ್ಲರಿಗೂ ಒಂದೇ ಥರ ಕೂರಲಿಲ್ಲ. ಮೆಥಡಿಸ್ಟರಂಥ ಪಂಗಡಗಳಲ್ಲಿ ಸಂಜೆಯೇ ಜನ ಜಾಸ್ತಿ. ಅವರ ಲೆಕ್ಕಕ್ಕೆ ಕತ್ತರಿ ಬಿತ್ತು.

ಹೀಗಿದ್ದೂ ಫಲಿತಾಂಶ ಸರ್ಕಾರಿ ಚರ್ಚಿಗೆ ಹಿಡಿಸಲಿಲ್ಲ. ಆ ಭಾನುವಾರದ ಒಟ್ಟು ಹಾಜರಿ ಸುಮಾರು 1.09 ಕೋಟಿ. ಅದರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಪಾಲು ಅರ್ಧದಷ್ಟೇ. ಜನಸಂಖ್ಯೆ ಸುಮಾರು 1.79 ಕೋಟಿ. ಬರಲು ಅಡ್ಡಿಯಿಲ್ಲದೆಯೂ ಬಾರದವರು ಸುಮಾರು 53 ಲಕ್ಷ ಅಂತ ಮ್ಯಾನ್ ಅಂದಾಜು ಮಾಡಿದರು. ಅವರಲ್ಲಿ ಹೆಚ್ಚಿನವರು ದುಡಿಯುವ ಜನ. ಬೇರೆ ಪಂಗಡದವರು ಸಂಖ್ಯೆ ಉಬ್ಬಿಸಿದ್ದಾರೆ ಅಂತ ಬಿಷಪ್ಪರು ಗದ್ದಲ ಎಬ್ಬಿಸಿದರು. ಎಷ್ಟು ಗದ್ದಲ ಅಂದರೆ, ಇಂಗ್ಲೆಂಡಿನ ಜನಗಣತಿಯಲ್ಲಿ ಧರ್ಮದ ಮಾತು ಮತ್ತೆ ಬಂದದ್ದು 150 ವರ್ಷದ ನಂತರ. ಜಗಳದಲ್ಲಿ ಮರೆತುಹೋದದ್ದು ಆ ಪುಕ್ಕಟೆ ಜಾಗದ ಕಾಲಂ. ಬಡವರು ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ಒಂದು ಕಾರಣ ಚರ್ಚುಗಳೇ ತುಂಬಿಕೊಟ್ಟ ಫಾರಂನಲ್ಲಿತ್ತು.

ಬಡವರ ಬೀದಿಗೇ ಹೋಗಿ ನೋಡಿದವರೂ ಇದ್ದರು. ಅದಕ್ಕೂ ಮುಂಚೆ, 1819ರಲ್ಲೇ, ಥಾಮಸ್ ಚಾಮರ್ಸ್ ಅನ್ನುವ ಪಾದ್ರಿ ಗ್ಲಾಸ್ಗೋದ ಸೇಂಟ್ ಜಾನ್ಸ್ ಪ್ಯಾರಿಷನ್ನು 25 ತುಂಡು ಮಾಡಿ, ಒಂದೊಂದಕ್ಕೆ ಒಬ್ಬೊಬ್ಬರನ್ನು ಮನೆ ಮನೆಗೆ ಕಳಿಸಿದ್ದರು. ಆದರೆ ಇದನ್ನು ಇಡೀ ಮಹಾನಗರದ ಮಟ್ಟಕ್ಕೆ ಒಯ್ದವರು ಚಾರ್ಲ್ಸ್ ಬೂತ್. ಪಾದ್ರಿಯಲ್ಲ, ಹಡಗಿನ ವ್ಯಾಪಾರಿ. 1886ರಲ್ಲಿ ಲಂಡನ್ನಿನ ಬಡತನ ಅಳೆಯಲು ಹೊರಟರು. ಮಕ್ಕಳು ಶಾಲೆಗೆ ಬರುತ್ತಾರೋ ಇಲ್ಲವೋ ಅಂತ ಮನೆ ಮನೆಗೆ ಹೋಗುವ ಸಿಬ್ಬಂದಿಯನ್ನು ಕೂರಿಸಿಕೊಂಡು, ಯಾವ ಮನೆಯಲ್ಲಿ ಏನು ಗತಿ ಅಂತ ಬರೆದುಕೊಂಡರು. ಆಮೇಲೆ ನಕ್ಷೆಯಲ್ಲಿ ಬೀದಿ ಬೀದಿಗೂ ಬಣ್ಣ. ಹಳದಿ ಅಂದರೆ ಸಿರಿವಂತರು, ಗುಲಾಬಿ ಅಂದರೆ ಒಂದು ಮಟ್ಟಿಗೆ ನೆಮ್ಮದಿ, ಕಡುನೀಲಿ ಅಂದರೆ ತೀರಾ ಬಡವರು, ಕಪ್ಪು ಅಂದರೆ ಅದಕ್ಕೂ ಕೆಳಗೆ. ಲಂಡನ್ನಿನ ನೂರಕ್ಕೆ 30.7 ಜನ ಬಡತನದಲ್ಲಿದ್ದಾರೆ ಅಂತ ಲೆಕ್ಕ ಬಂತು. ಆ ನಕ್ಷೆ ನೋಡಿದರೆ ಈಗಲೂ ಬೆಚ್ಚುವಂಥದು ಒಂದಿದೆ. ಹಳದಿ ಬೀದಿಯ ಹಿಂದೆಯೇ, ಒಂದು ಗಲ್ಲಿ ದಾಟಿದರೆ ಕಪ್ಪು. ಎರಡೂ ಒಂದೇ ಪ್ಯಾರಿಷ್ ಇರಬಹುದು. ಸರಾಸರಿ ತೆಗೆದರೆ ಎರಡೂ ಮಾಯ.

17 ಸಂಪುಟಗಳ ಆ ಕೆಲಸದಲ್ಲಿ ಒಂದು ಸರಣಿ ಪೂರ್ತಿ ಧರ್ಮಕ್ಕೇ ಮೀಸಲು. ಬೂತ್ ಮತ್ತು ಅವರ ಕಡೆಯವರು ನೂರಾರು ಪಾದ್ರಿಗಳನ್ನು ಕೂತು ಮಾತಾಡಿಸಿದರು.

ಇಪ್ಪತ್ತನೇ ಶತಮಾನದ ಬಹುಭಾಗ ಚರ್ಚಿಗೆ ಅಂಕಿ ಅಂಶ ಬೇಕಾದದ್ದು ಪಾದ್ರಿಗಳನ್ನು ಹಂಚುವುದಕ್ಕೆ. ಜನ ಪಟ್ಟಣದಲ್ಲಿ, ಪಾದ್ರಿಗಳು ಹಳ್ಳಿಯಲ್ಲಿ ಅಂತ 1964ರ ಲೆಸ್ಲಿ ಪಾಲ್ ವರದಿ ತೋರಿಸಿಕೊಟ್ಟಿತು. ಯಾವ ಡಯಾಸಿಸ್‌ಗೆ, ಅಂದರೆ ಒಬ್ಬ ಬಿಷಪ್ಪರ ಪಾಲಿನ ಪ್ರದೇಶಕ್ಕೆ, ಎಷ್ಟು ಪಾದ್ರಿಗಳು ಅನ್ನುವುದಕ್ಕೆ 1974ರಲ್ಲಿ ಸೂತ್ರವೂ ಬಂತು.

ದಿಕ್ಕು ಬದಲಾಗಿದ್ದು 1985ರಲ್ಲಿ. ಆಗಿನ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ನೇಮಿಸಿದ್ದ ಆಯೋಗ 'ಫೇತ್ ಇನ್ ದಿ ಸಿಟಿ' ವರದಿ ಕೊಟ್ಟಿತು. 1981ರ ಜನಗಣತಿಯ ಅಂಕಿಗಳನ್ನು ಹಿಡಿದು, ನಿರುದ್ಯೋಗ ಎಲ್ಲಿ ಜಾಸ್ತಿ, ಇಕ್ಕಟ್ಟಾದ ಮನೆಗಳು ಎಲ್ಲಿ, ಒಂಟಿ ಮುದುಕರು ಎಲ್ಲಿ, ಮಕ್ಕಳನ್ನು ಒಬ್ಬರೇ ಸಾಕುವವರು ಎಲ್ಲಿ ಅಂತ ಗುರುತಿಸಿ, ಆ ಪ್ಯಾರಿಷ್‌ಗಳಿಗೆ ಮೊದಲು ಹಣ, ಮೊದಲು ಜನ ಕಳಿಸಿ ಅಂದಿತು. 61 ಶಿಫಾರಸುಗಳಲ್ಲಿ 38 ಚರ್ಚಿಗೇ, ಉಳಿದದ್ದು ಸರ್ಕಾರಕ್ಕೆ. ಥ್ಯಾಚರ್ ಸರ್ಕಾರದ ಕಡೆಯಿಂದ 'ಇದು ಮಾರ್ಕ್ಸ್‌ವಾದ' ಅನ್ನುವ ಮಾತು ಪತ್ರಿಕೆಗಳಿಗೆ ಹೋಯಿತು. ಚರ್ಚು ಜಗ್ಗಲಿಲ್ಲ. ಬಡ ಪ್ಯಾರಿಷ್‌ಗಳಿಗೆಂದೇ ಚರ್ಚ್ ಅರ್ಬನ್ ಫಂಡ್ ಹುಟ್ಟಿತು. ಪ್ರತಿ ಚರ್ಚೂ ತನ್ನ ಸುತ್ತಮುತ್ತಲನ್ನು ತಾನೇ ತಪಾಸಣೆ ಮಾಡಿಕೊಳ್ಳಬೇಕು ಅನ್ನುವ ರೂಢಿಯೂ ಇಲ್ಲಿಂದಲೇ ಗಟ್ಟಿಯಾಯಿತು.

2001ರಲ್ಲಿ ಜನಗಣತಿಗೆ ಧರ್ಮದ ಪ್ರಶ್ನೆ ವಾಪಸು ಬಂತು. ಇಷ್ಟವಿದ್ದರೆ ಉತ್ತರಿಸಿ, ಇಲ್ಲದಿದ್ದರೆ ಬಿಡಿ ಅನ್ನುವ ಷರತ್ತಿನ ಮೇಲೆ. ಸುಮಾರು 3.9 ಲಕ್ಷ ಜನ ತಮ್ಮ ಧರ್ಮ 'ಜೆಡೈ' ಅಂತ ಬರೆದರು. ಸ್ಟಾರ್ ವಾರ್ಸ್ ಸಿನಿಮಾದ ಧರ್ಮ! ಅದನ್ನು ಬಿಟ್ಟು ನೋಡಿದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರು ಅಂದುಕೊಂಡವರು ಶೇ. 71.7. 2011ರಲ್ಲಿ ಶೇ. 59.3. 2021ರಲ್ಲಿ ಶೇ. 46.2. ಯಾವ ಧರ್ಮವೂ ಇಲ್ಲ ಅಂದವರು 2021ರಲ್ಲಿ ಶೇ. 37.2. ಪತ್ರಿಕೆಗಳು ಇದನ್ನೇ ದೊಡ್ಡಕ್ಷರದಲ್ಲಿ ಹಾಕಿದವು. ಆದರೆ ಒಂದು ಚರ್ಚಿನ ಕೆಲಸಕ್ಕೆ ಈ ಅಂಕಿಯ ಉಪಯೋಗ ಕಡಿಮೆ ಅಂತಲೇ ನನಗೆ ಅನಿಸುತ್ತದೆ. ಮಂಗಳವಾರ ಬೆಳಿಗ್ಗೆ ಚರ್ಚಿನ ಹಾಲ್ ಯಾರಿಗೆ ತೆರೆದಿಡಬೇಕು ಅಂತ ಅದು ಹೇಳುವುದಿಲ್ಲ ಅಲ್ವಾ?

ಅದನ್ನು ಹೇಳುವುದು ಬೇರೆ ಕಾಲಂಗಳು. 65 ದಾಟಿದವರು ಒಂಟಿಯಾಗಿರುವ ಮನೆಗಳು ಎಷ್ಟು? ಕಾರೇ ಇಲ್ಲದ ಮನೆಗಳು ಎಷ್ಟು? ಇವೆರಡೂ ಜಾಸ್ತಿ ಇರುವ ಕಡೆ ಸಂಜೆ ಏಳಕ್ಕೆ ಊರಾಚೆ ಕಾರ್ಯಕ್ರಮ ಇಟ್ಟು, ಯಾರೂ ಬರಲಿಲ್ಲ ಅಂತ ಕೊರಗಿದರೆ ಏನು ಬಂತು? ನಿಮ್ಮ ಮುಖ್ಯ ಭಾಷೆ ಯಾವುದು ಅಂತ 2011ರಿಂದ ಕೇಳುತ್ತಿದ್ದಾರೆ. ಪೋಲಿಷ್, ರೊಮೇನಿಯನ್ ಮಾತಾಡುವವರು ಬೀದಿ ತುಂಬ ಇದ್ದರೂ ಸೂಚನಾ ಫಲಕ ಇಂಗ್ಲಿಷಿನಲ್ಲಿ ಮಾತ್ರ ಇದೆ ಅಂತ ಚರ್ಚಿಗೆ ಹೊಳೆಯುವುದು ಹೀಗೆ.

ಆದರೆ ಹುಷಾರಾಗಿ ಓದಬೇಕು. ಜನಗಣತಿಯ ಅತಿ ಚಿಕ್ಕ ತುಂಡಿಗೆ ಔಟ್‌ಪುಟ್ ಏರಿಯಾ ಅನ್ನುತ್ತಾರೆ, ಸರಾಸರಿ 125 ಮನೆಗಳ ಆಸುಪಾಸು. ಅದರ ಗೆರೆ ಒಂದು ಕಡೆ, ಪ್ಯಾರಿಷ್‌ನ ಹಳೇ ಗೆರೆ ಇನ್ನೊಂದು ಕಡೆ. ಅರ್ಧ ಒಳಗೆ ಅರ್ಧ ಹೊರಗೆ ಬಿದ್ದ ತುಂಡನ್ನು ಯಾವ ಕಡೆಗೆ ಜನ ಜಾಸ್ತಿಯೋ ಆ ಪ್ಯಾರಿಷ್‌ಗೆ ಸೇರಿಸಿಬಿಡುತ್ತಾರೆ. ದೊಡ್ಡ ಪ್ಯಾರಿಷ್‌ನಲ್ಲಿ ಇದು ನಡೆಯುತ್ತದೆ. ಸಣ್ಣ ಹಳ್ಳಿಯಲ್ಲಿ ಪಕ್ಕದೂರಿನ ಒಂದು ಬೀದಿ ಬಂದರೂ ಚಿತ್ರ ಕೆಡುತ್ತದೆ. ಗುಟ್ಟು ರಟ್ಟಾಗದಿರಲಿ ಅಂತ ಸಣ್ಣ ಅಂಕಿಗಳನ್ನು ಇಲಾಖೆಯೇ ಬೇಕಂತಲೇ ಒಂಚೂರು ಆಚೀಚೆ ಮಾಡಿರುತ್ತದೆ. ಹಾಗಾಗಿ ಕಾಲಂನಲ್ಲಿ 3 ಅಂತ ಕಂಡರೆ ಆ ಮೂವರನ್ನು ಹುಡುಕಿಕೊಂಡು ಹೋಗಬೇಡಿ. 2021ರ ಅಂಕಿಗಳಿಗೆ ಇನ್ನೊಂದು ಸಮಸ್ಯೆ. ಆ ಮಾರ್ಚ್‌ನಲ್ಲಿ ಕೋವಿಡ್ ನಿರ್ಬಂಧ ಇತ್ತು. ಕೆಲಸಕ್ಕೆ ಹೇಗೆ ಹೋಗುತ್ತೀರಿ ಅನ್ನುವ ಪ್ರಶ್ನೆಗೆ ಮನೆಯಲ್ಲೇ ಕೂತವರು ಕೊಟ್ಟ ಉತ್ತರವನ್ನು ಇವತ್ತಿಗೆ ನಂಬುವುದು ಕಷ್ಟ.

ಬಡತನದ ಸೂಚ್ಯಂಕವೂ ಅಷ್ಟೇ. ಆದಾಯ, ಉದ್ಯೋಗ, ಶಿಕ್ಷಣ, ಆರೋಗ್ಯ, ಅಪರಾಧ, ವಸತಿ, ಪರಿಸರ, ಏಳನ್ನೂ ಕೂಡಿಸಿ ಸುಮಾರು 1,500 ಜನರ ಒಂದೊಂದು ಪ್ರದೇಶಕ್ಕೆ ಒಂದು ಸ್ಥಾನ ಕೊಡುತ್ತಾರೆ. ಚಂದದ ಹಳ್ಳಿಯಲ್ಲಿ ಬಡವರ ನಾಲ್ಕು ಮನೆ ಇದ್ದರೆ ಆ ಸ್ಥಾನದಲ್ಲಿ ಅವರ ಸುಳಿವೇ ಇರುವುದಿಲ್ಲ. ಬೂತ್ ನಕ್ಷೆಯಲ್ಲಾದರೆ ಆ ಗಲ್ಲಿಗೆ ಬೇರೆ ಬಣ್ಣ ಬಿದ್ದಿರುತ್ತಿತ್ತು.

ಇಷ್ಟೆಲ್ಲದರ ನಡುವೆ ಜನಗಣತಿಯೇ ನಿಂತುಹೋಗುವ ಮಾತೂ ಬಂದಿತ್ತು. ಆಸ್ಪತ್ರೆ, ತೆರಿಗೆ, ಶಾಲೆಗಳ ದಾಖಲೆ ಸೇರಿಸಿದರೆ ಸಾಕಲ್ವಾ, ಹತ್ತು ವರ್ಷಕ್ಕೊಮ್ಮೆ ಫಾರಂ ಯಾಕೆ ಅಂತ 2023ರಲ್ಲಿ ಅಲ್ಲಿನ ಅಂಕಿಅಂಶ ಕಚೇರಿ ಜನರ ಅಭಿಪ್ರಾಯ ಕೇಳಿತು. 2025ರಲ್ಲಿ ಮನಸ್ಸು ಬದಲಾಯಿಸಿ, 2031ರಲ್ಲಿ ಜನಗಣತಿ ನಡೆಯಲಿ ಅಂತ ಶಿಫಾರಸು ಮಾಡಿತು. ಸದ್ಯ ಚರ್ಚುಗಳು ಬಚಾವು. ವಯಸ್ಸು, ವಿಳಾಸ ಯಾವ ದಾಖಲೆಯಲ್ಲಾದರೂ ಸಿಗುತ್ತದೆ. ಆದರೆ ಹಾಸಿಗೆ ಹಿಡಿದ ಗಂಡನನ್ನೋ ತಾಯಿಯನ್ನೋ ಸಂಬಳವಿಲ್ಲದೆ ನೋಡಿಕೊಳ್ಳುವವರು ಯಾವ ಬೀದಿಯಲ್ಲಿ ಎಷ್ಟಿದ್ದಾರೆ, ವಾರಕ್ಕೆ ಎಷ್ಟು ಗಂಟೆ ಹೀಗೆ ಕಳೆಯುತ್ತಾರೆ ಅನ್ನುವುದು ಆ ದಾಖಲೆಗಳಲ್ಲಿ ಪೂರ್ತಿ ಸಿಗುವುದಿಲ್ಲ. ಅದನ್ನು 2001ರಿಂದ ಮನೆ ಮನೆಗೂ ಕೇಳುತ್ತಿರುವುದು ಜನಗಣತಿಯ ಫಾರಂ ಒಂದೇ.