ಮೆನಿಂಜೈಟಿಸ್‌ಗೆ ಆಂಟಿಬಯಾಟಿಕ್ ಕೊಟ್ಟ ಮೇಲೂ ಸ್ಟೀರಾಯ್ಡ್ ಯಾಕೆ?

ಪ್ರಶ್ನೆ: ನಮ್ಮ ಮಾವನವರಿಗೆ ಮೆದುಳು ಜ್ವರ (ಮೆನಿಂಜೈಟಿಸ್, ಮೆದುಳಿನ ಹೊದಿಕೆಯ ಉರಿಯೂತ) ಅಂತ ಜಮಖಂಡಿಯಿಂದ ವಿಜಯಪುರಕ್ಕೆ ಒಯ್ದಿದ್ದೆವು. ಬ್ಯಾಕ್ಟೀರಿಯಾದಿಂದ ಬಂದದ್ದು ಅಂದರು. ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಇಂಜೆಕ್ಷನ್ನೂ ಕೊಟ್ಟರು. ಸ್ಟೀರಾಯ್ಡ್ ಕೊಟ್ಟರೆ ಮೈಯ ಶಕ್ತಿ ಕುಗ್ಗುತ್ತದೆ ಅಂತಾರಲ್ಲ, ಇದು ಬೇಕಿತ್ತಾ?

ಉತ್ತರ: ಬಹುಶಃ ಬೇಕಿತ್ತು. ಬ್ಯಾಕ್ಟೀರಿಯಾ ಸತ್ತ ಕೂಡಲೇ ಉರಿಯೂತ ಇಳಿಯುವುದಿಲ್ಲ. ಕೆಲವು ಗಂಟೆ ಜಾಸ್ತಿಯೂ ಆಗಬಹುದು. ಅದೂ ಔಷಧಿ ಕೆಲಸ ಮಾಡಿದ್ದರಿಂದಲೇ!

ದೊಡ್ಡವರಲ್ಲಿ ಈ ಸೋಂಕಿಗೆ ಹೆಚ್ಚಾಗಿ ಕಾರಣ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ. ಸೆಫ್ಟ್ರಿಯಾಕ್ಸೋನ್‌ನಂಥ ಆಂಟಿಬಯಾಟಿಕ್ ಅದಕ್ಕೆ ಹೊರಗೋಡೆ ಕಟ್ಟಿಕೊಳ್ಳಲು ಬಿಡುವುದಿಲ್ಲ, ಹಾಗಾಗಿ ಅದು ಒಡೆದು ಸಾಯುತ್ತದೆ. ಹಳೇ ಮಾಳಿಗೆ ಮನೆ ಕೆಡವಿದಾಗ ಓಣಿಗೆಲ್ಲ ಧೂಳು ಏಳುತ್ತದಲ್ಲ, ಹಾಗೆ ಗೋಡೆಯ ಚೂರುಗಳು, ಒಳಗಿದ್ದ ನ್ಯೂಮೊಲೈಸಿನ್ ಎಂಬ ವಿಷ, ಎಲ್ಲ ಒಮ್ಮೆಗೇ ಮೆದುಳಿನ ಸುತ್ತಲಿನ ನೀರಿಗೆ ಬೀಳುತ್ತವೆ. ನಮ್ಮ ರಕ್ಷಣಾ ಕಣಗಳಿಗೆ ಈ ಚೂರು ಸತ್ತದ್ದರದೋ ಬದುಕಿದ್ದರದೋ ತಿಳಿಯುವುದಿಲ್ಲ. ಅವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಸಂದೇಶಗಳನ್ನು ಬಿಟ್ಟು ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆಸುತ್ತವೆ. ರಕ್ತನಾಳಗಳು ಸೋರುತ್ತವೆ, ಮೆದುಳು ಬಾತುಕೊಳ್ಳುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ, ಹಾಗಾಗಿ ಒಳಗೆ ಒತ್ತಡ ಏರುತ್ತದೆ. ಈ ಕಾಯಿಲೆಯಲ್ಲಿ ಆಗುವ ಹಾನಿಯ ದೊಡ್ಡ ಪಾಲು ನಮ್ಮದೇ ಮೈಯ ಈ ಗಲಾಟೆಯಿಂದ.

ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಆ ಸಂದೇಶಗಳನ್ನು ತಗ್ಗಿಸುತ್ತದೆ. ಆದರೆ ಗಲಾಟೆ ಶುರುವಾದ ಮೇಲೆ ಕೊಟ್ಟರೆ ಅಷ್ಟು ಪ್ರಯೋಜನವಿಲ್ಲ. ಅದಕ್ಕೇ ಆಂಟಿಬಯಾಟಿಕ್‌ನ ಮೊದಲ ಡೋಸ್‌ಗಿಂತ ಸ್ವಲ್ಪ ಮುಂಚೆ, ಇಲ್ಲವೇ ಅದರ ಜೊತೆಗೇ ಹಾಕುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 10 ಮಿಲಿಗ್ರಾಂ, 6 ಗಂಟೆಗೊಮ್ಮೆ, 4 ದಿನ. 2002ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 301 ವಯಸ್ಕರಿದ್ದರು. ಸ್ಟೀರಾಯ್ಡ್ ಇಲ್ಲದವರಲ್ಲಿ ನೂರಕ್ಕೆ 15 ಮಂದಿ ತೀರಿಕೊಂಡರೆ, ಪಡೆದವರಲ್ಲಿ 7 ಮಂದಿ. ಲಾಭ ಹೆಚ್ಚಾಗಿ ಕಂಡದ್ದು ನ್ಯೂಮೋಕಾಕಸ್ ಇದ್ದವರಲ್ಲಿ. ಆಫ್ರಿಕಾದ ಮಲಾವಿಯಲ್ಲಿ ನಡೆದ ಅಧ್ಯಯನಗಳಲ್ಲಿ ಈ ಲಾಭ ಕಾಣಲಿಲ್ಲ, ಹಾಗಾಗಿ ಇದನ್ನು ಪವಾಡ ಅನ್ನಲಾರೆ. ಟಿಬಿಯಿಂದ ಬರುವ ಮೆನಿಂಜೈಟಿಸ್‌ಗೂ ಸ್ಟೀರಾಯ್ಡ್ ಕೊಡುತ್ತಾರೆ, ಆದರೆ ಅದು ವಾರಗಟ್ಟಲೆ ನಡೆಯುವ ಬೇರೆ ಲೆಕ್ಕ.

ಇದನ್ನೆಲ್ಲ ಕೇಳಿ "ಹಾಗಾದರೆ ಆಂಟಿಬಯಾಟಿಕ್ ಸ್ವಲ್ಪ ತಡೆದು ಕೊಡಬಾರದಾ?" ಅಂತ ಯಾರಿಗಾದರೂ ಅನಿಸಬಹುದು. ಖಂಡಿತ ಬೇಡ. ಬದುಕಿರುವ ಬ್ಯಾಕ್ಟೀರಿಯಾ ಗಂಟೆಗಂಟೆಗೂ ಬೆಳೆಯುತ್ತದೆ, ಚೂರುಗಳನ್ನೂ ಉದುರಿಸುತ್ತಲೇ ಇರುತ್ತದೆ. ತಡಮಾಡಿ ಕೊಂದರೆ ಧೂಳು ಇನ್ನೂ ಜಾಸ್ತಿ ಅಲ್ವಾ? ಗೋಡೆ ಒಡೆಯದೆ ಕೊಲ್ಲುವ ರಿಫಾಂಪಿಸಿನ್‌ನಂಥ ಔಷಧಿ ಮೊದಲು ಕೊಟ್ಟರೆ ಉರಿಯೂತ ಕಡಿಮೆ ಎಂದು ಪ್ರಾಣಿಗಳಲ್ಲಿ ಕಂಡಿದೆ. ಆದರೆ ಆಸ್ಪತ್ರೆಯ ರೂಢಿ ಇನ್ನೂ ಅದಲ್ಲ.

ನಮ್ಮ ಕಡೆ ತೊಂದರೆ ಇರುವುದು ದಾರಿಯಲ್ಲಿ. ಜಮಖಂಡಿಯಿಂದಲೋ ಮುದ್ದೇಬಿಹಾಳದಿಂದಲೋ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಒಂದೆರಡು ತಾಸು ಸುಮ್ನೆ ಹೋಗಿಬಿಡುತ್ತವೆ. ಜ್ವರ, ಜೋರು ತಲೆನೋವು, ಕುತ್ತಿಗೆ ಬಿಗಿತ, ಮಂಪರು ಇದ್ದರೆ ಗಾಡಿ ಹತ್ತಿಸುವ ಮೊದಲೇ ತಾಲ್ಲೂಕು ಆಸ್ಪತ್ರೆಯ ಡಾಕ್ಟರನ್ನು ಕೇಳಿ: "ಆಂಟಿಬಯಾಟಿಕ್ ಮೊದಲ ಇಂಜೆಕ್ಷನ್ ಇಲ್ಲೇ ಹಾಕ್ತೀರಾ, ಸರ್?" ಏನು ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಪರೀಕ್ಷೆಗೆಂದು ಬೆನ್ನಿನ ನೀರನ್ನು (ಬೆನ್ನುಹುರಿಯ ಸುತ್ತಲಿನ ದ್ರವ) ಇಂಜೆಕ್ಷನ್ ಆದಮೇಲೆ ತೆಗೆದರೂ ಅದರಲ್ಲಿನ ಕಣ, ಪ್ರೋಟೀನ್, ಸಕ್ಕರೆಯ ಲೆಕ್ಕದಿಂದ ಡಾಕ್ಟರಿಗೆ ಸಾಕಷ್ಟು ತಿಳಿಯುತ್ತದೆ.

ಇನ್ನು ಶಕ್ತಿ ಕುಗ್ಗುವ ಭಯ. ಅದು ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಳ್ಳುವವರ ಮಾತು. ನಾಲ್ಕು ದಿನದಲ್ಲಿ ನೋಡಬೇಕಾದ್ದು ಮುಖ್ಯವಾಗಿ ಸಕ್ಕರೆ ಏರಿಕೆ, ಹೊಟ್ಟೆಯಲ್ಲಿ ರಕ್ತಸ್ರಾವ. ಮಾವನವರಿಗೆ ಶುಗರ್ ಇದ್ದರೆ ಆಗ ಹೆಚ್ಚು ಸಲ ಪರೀಕ್ಷೆ ಮಾಡಿರುತ್ತಾರೆ. ಈಗ ಅವರ ಕಿವಿ ಪರೀಕ್ಷೆ ಮಾಡಿಸಿದ್ದೀರಾ? ಉರಿಯೂತ ಒಳಕಿವಿಗೂ ಹರಡಿ ಕಿವಿ ಮಂದವಾಗಬಹುದು. ಆಗಿರದಿದ್ದರೆ ಈ ವಾರವೇ ಮಾಡಿಸಿ.