ಊರಲ್ಲಿ ಗೌಡ, ದಫ್ತರದಲ್ಲಿ ಪಾಟೀಲ: ಗಡಿನಾಡಿನ ಅಡ್ಡಹೆಸರುಗಳು ಬಂದದ್ದು ಎಲ್ಲಿಂದ?

ಬೆಳಗಾವಿ, ವಿಜಯಪುರ ಕಡೆಯವರು ಬೆಂಗಳೂರಿಗೆ ಬಂದು ಹೆಸರು ಹೇಳಿದರೆ ಸಾಕು, ‘ಕುಲಕರ್ಣಿನಾ? ಹಾಗಾದ್ರೆ ನೀವು ಮರಾಠಿಯವರಾ?’ ಅನ್ನುವ ಪ್ರಶ್ನೆ ಬರುತ್ತದೆ. ಪಾಟೀಲ, ದೇಸಾಯಿ, ದೇಶಪಾಂಡೆ, ಇನಾಮದಾರ, ಯಾರೂ ಇದರಿಂದ ತಪ್ಪಿಸಿಕೊಂಡಿಲ್ಲ. ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡಿಕೊಂಡು ಬಂದವರಿಗೆ ಇದು ಚುಚ್ಚುವ ಮಾತು. ಅಡ್ಡಹೆಸರು ನೋಡಿ ಮನೆಮಾತು ಹೇಳುವುದಕ್ಕೆ ಗಡಿನಾಡಿನಲ್ಲಂತೂ ಆಗುವುದಿಲ್ಲ. ಆ ಹೆಸರುಗಳು ಹೇಳುವುದು ಬೇರೆಯದನ್ನೇ. ಆ ಮನೆತನ ಯಾವ ಕೆಲಸ ಮಾಡುತ್ತಿತ್ತು, ಆ ಕೆಲಸದ ಲೆಕ್ಕ ಯಾವ ಭಾಷೆಯಲ್ಲಿ ಹೋಗುತ್ತಿತ್ತು ಅನ್ನುವುದನ್ನು.

ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ಈ ಸೀಮೆ ಕಂಡಷ್ಟು ದೊರೆಗಳು ಬೇರೆ ಕಡೆ ಕಡಿಮೆ. 1686ರವರೆಗೆ ವಿಜಾಪುರದ ಆದಿಲ್‌ಶಾಹಿ, ಆಮೇಲೆ ಮೊಗಲರು, ಸವಣೂರು ನವಾಬರು, ಪೇಶ್ವೆಗಳು, ನಡುವೆ ಹೈದರ್ ಮತ್ತು ಟಿಪ್ಪು. 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಬ್ರಿಟಿಷರ ಮುಂಬಯಿ ಪ್ರಾಂತ. ಮೇಲೆ ಯಾರೇ ಬರಲಿ, ಊರಲ್ಲಿ ಕಂದಾಯ ಎತ್ತಿಕೊಡುವ ಮನೆ ಮಾತ್ರ ಬೇಕೇ ಬೇಕಿತ್ತು. ಅದಕ್ಕೇ ಆ ಮನೆಗಳಿಗೆ ವತನ ಸಿಕ್ಕಿತು. ಅಪ್ಪನಿಂದ ಮಗನಿಗೆ ಬರುವ ಕೆಲಸ, ಅದರ ಜೊತೆಗೆ ಹೊಲ, ಮಾನ. ಹಲವು ಊರುಗಳು ಸೇರಿದ ಪರಗಣೆಯ ಯಜಮಾನ ದೇಸಾಯಿ, ಪರಗಣೆಯ ಲೆಕ್ಕ ನೋಡುವವನು ದೇಶಪಾಂಡೆ. ಊರಿನ ಯಜಮಾನ ಪಾಟೀಲ, ಊರಿನ ಲೆಕ್ಕ ಬರೆಯುವವನು ಕುಲಕರ್ಣಿ. ಕುಳ ಅಂದರೆ ಕಂದಾಯ ಕಟ್ಟುವವನು, ಕರಣಿ ಅಂದರೆ ಲೆಕ್ಕ ಬರೆಯುವವನು. ಎರಡೂ ಕನ್ನಡಕ್ಕೆ ಚೆನ್ನಾಗಿ ಪರಿಚಯವಿರುವ ಮಾತುಗಳೇ. ಇದೇ ಕುಲಕರ್ಣಿ ಮೈಸೂರು ಸೀಮೆಯಲ್ಲಿ ಶಾನುಭೋಗ.

ದಫ್ತರದ ಭಾಷೆ ಮೊದಲು ಪಾರಸಿ, ಆಮೇಲೆ ಮರಾಠಿ, ಅದರ ಲಿಪಿ ಮೋಡಿ ಅನ್ನುವ ಓಡುಬರಹ. ಬ್ರಿಟಿಷರು ಬಂದ ಶುರುವಿನಲ್ಲೂ ಧಾರವಾಡದ ಕಚೇರಿಗಳಲ್ಲಿ ಮರಾಠಿಯೇ ಜಾಸ್ತಿ ನಡೆಯುತ್ತಿತ್ತು. ಹೀಗಾಗಿ ಕನ್ನಡದ ಮನೆತನವೂ ಕಾಗದದಲ್ಲಿ ಪಾಟೀಲ ಆಯಿತು. ‘ಶಿವನಗೌಡ ಪಾಟೀಲ’ ಅನ್ನುವಂಥ ಹೆಸರನ್ನೇ ತೆಗೆದುಕೊಳ್ಳಿ. ಇಂಥವು ಆ ಕಡೆ ಊರೂರಿಗೂ ಸಿಗುತ್ತವೆ. ಹಳೆಗನ್ನಡ ಶಾಸನಗಳ ‘ಗಾವುಂಡ’ನೇ ಸವೆದು ಗೌಡ ಆದ. ತಾಮ್ರಪಟಗಳ ‘ಪಟ್ಟಕಿಲ’ ಸವೆದು ಪಾಟೀಲ ಆಯಿತು. ಎರಡರ ಅರ್ಥವೂ ಊರಿನ ಯಜಮಾನ ಅಂತಲೇ! ಒಂದೇ ಅಧಿಕಾರ ಒಂದೇ ಹೆಸರಿನಲ್ಲಿ ಎರಡು ಸಲ ಕೂತಿದೆ, ಒಮ್ಮೆ ಊರಿನ ಬಾಯಲ್ಲಿ, ಇನ್ನೊಮ್ಮೆ ದಫ್ತರದ ಬಾಯಲ್ಲಿ. ಗಡಿನಾಡಿನ ಇಡೀ ಚರಿತ್ರೆ ನನಗೆ ಈ ಒಂದು ಹೆಸರಲ್ಲಿ ಕಾಣಿಸುತ್ತದೆ.

ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಮುಸ್ಲಿಮರೂ ಇದ್ದಾರೆ. 1824ರಲ್ಲಿ ಬ್ರಿಟಿಷರ ಎದುರು ನಿಂತ ಕಿತ್ತೂರು ಒಂದು ದೇಸಗತಿ, ಅಂದರೆ ದೇಸಾಯಿಯ ಸಂಸ್ಥಾನ. ಚೆನ್ನಮ್ಮನ ಗಂಡ ಮಲ್ಲಸರ್ಜ ದೇಸಾಯಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹೊರೆ ಹೊತ್ತ, ‘ಕರ್ನಾಟಕ ಸಿಂಹ’ ಅನ್ನಿಸಿಕೊಂಡ ಹುದಲಿಯ ಗಂಗಾಧರರಾವ್ ಅವರ ಅಡ್ಡಹೆಸರು ದೇಶಪಾಂಡೆ.

ನಿಪ್ಪಾಣಿಯ ಸಿದ್ದೋಜಿರಾವ್ ಇನ್ನೂ ಸ್ವಾರಸ್ಯದ ಮನುಷ್ಯ. ಪೇಶ್ವೆಗಳ ಕೊನೆಗಾಲದ ಈ ಸರದಾರನನ್ನು ನಿಂಬಾಳಕರ ಅಂತಲೂ ಕರೆಯುತ್ತಿದ್ದರು, ಅಪ್ಪಾ ದೇಸಾಯಿ ಅಂತಲೂ, ನಿಪ್ಪಾಣಕರ ಅಂತಲೂ ಕರೆಯುತ್ತಿದ್ದರು. ಒಂದು ಮನೆತನದ ಹೆಸರು, ಒಂದು ಹುದ್ದೆಯದು, ಒಂದು ಊರಿನದು. ಯಾವುದು ನಿಜವಾದ ಅಡ್ಡಹೆಸರು ಅಂತ ಆಗ ಯಾರೂ ಕೇಳಲಿಲ್ಲ. ಒಂದನ್ನೇ ಗಟ್ಟಿ ಹಿಡಿಯುವ ರೂಢಿ ಬಲವಾದದ್ದು ಶಾಲೆಯ ದಾಖಲೆ, ಹೊಲದ ಉತಾರ (ಪಹಣಿ) ಬಂದ ಮೇಲೆ.

ಮುಧೋಳದ ಘೋರ್ಪಡೆ ಮನೆತನದ್ದು ಇನ್ನೊಂದು ಕಥೆ. ಮರಾಠಿಯಲ್ಲಿ ಘೋರ್ಪಡ ಅಂದರೆ ಉಡ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆಗೆ ಹತ್ತಿಸಿ, ಆ ಹಗ್ಗ ಹಿಡಿದು ಹಿರಿಯರು ಮೇಲೇರಿದರು, ಅದಕ್ಕೆ ಬಹಮನಿ ಸುಲ್ತಾನರು ಈ ಬಿರುದು ಕೊಟ್ಟರು ಅಂತ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಕಥೆ ಎಷ್ಟು ನಿಜವೋ, ಉಡದ ಹೆಸರಂತೂ 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಗಾದಿಯ ಮೇಲಿತ್ತು.

ವತನ ಇಲ್ಲದವರಿಗೆ ಜನರ ಬಾಯೇ ಹೆಸರಿಟ್ಟಿತು. ಬಡಿಗೇರ, ಕಮ್ಮಾರ, ಪತ್ತಾರ, ನದಾಫ ಕಸುಬಿನಿಂದ ಬಂದವು. ಬೆಲ್ಲದ, ಉಪ್ಪಿನ, ಮೆಣಸಿನಕಾಯಿ, ಉಳ್ಳಾಗಡ್ಡಿ ಸಂತೆಯಿಂದ. ಇವುಗಳನ್ನು ಕೇಳಿ ನಗುವವರಿದ್ದಾರೆ. ನಗಬಾರದು. ಬೆಲ್ಲದ ಅಂದರೆ ಬೆವರು ಸುರಿಸಿ ವ್ಯಾಪಾರ ಮಾಡಿದ ಒಬ್ಬ ಅಜ್ಜನ ನೆನಪು ಅಲ್ವಾ?

ಇವೆಲ್ಲ ಹೊರಗಿನವರಿಗೆ ಹೇಳುವ ಹೆಸರುಗಳು. ಸಂಬಂಧ ನೋಡುವಾಗ ಹಿರಿಯರು ಕೇಳುವುದು ಬೆಡಗು. ಬೆಡಗು ಒಂದೇ ಆದರೆ ಅಣ್ಣತಮ್ಮಂದಿರ ಲೆಕ್ಕ, ಮದುವೆ ಇಲ್ಲ. ಎಷ್ಟೋ ಬೆಡಗುಗಳಿಗೆ ಗಿಡದ, ಪ್ರಾಣಿಯ ಹೆಸರಿದೆ. ಆ ಬೆಡಗಿನವರು ಆ ಗಿಡ ಕಡಿಯುವುದಿಲ್ಲ. ಮರಾಠರ ಮನೆಗಳಲ್ಲಿ ಇದೇ ಕೆಲಸ ಮಾಡುವುದು ದೇವಕ. ಒಬ್ಬರಿಗೆ ಕದಂಬದ ಟೊಂಗೆ, ಇನ್ನೊಬ್ಬರಿಗೆ ನವಿಲುಗರಿ, ಮದುವೆಯಲ್ಲಿ ಅದಕ್ಕೇ ಮೊದಲ ಪೂಜೆ. ಭಾಷೆ ಬೇರೆಯಾದರೂ ಈ ಎರಡು ರೂಢಿಗಳು ಎಷ್ಟು ಹತ್ತಿರ ನೋಡಿ.

ಪರಗಣೆಯ ವತನಗಳನ್ನೂ ಕುಲಕರ್ಣಿಕಿಯನ್ನೂ ಮುಂಬಯಿ ಸರ್ಕಾರ 1950ರ ಕಾಯ್ದೆಯಲ್ಲಿ ತೆಗೆದುಹಾಕಿತು. ಊರ ಗೌಡಕಿಯನ್ನು ತೆಗೆಯುವುದಕ್ಕೆ 1961ರ ಕಾಯ್ದೆ ಬಂತು. ಚಾವಡಿಯ ಲೆಕ್ಕ ಸಂಬಳದ ನೌಕರರ ಕೈಗೆ ಹೋಯಿತು. ಆದರೂ ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ ಎಷ್ಟೋ ಊರುಗಳಲ್ಲಿ ಜನ ಈಗಲೂ ಮೊದಲು ನೋಡುವುದು ಗೌಡರ ಮನೆಯ ಎತ್ತನ್ನು. ಆ ಎತ್ತು ಉಳುವ ಹೊಲದ ಉತಾರದಲ್ಲಿ ಮಾತ್ರ ಪಾಟೀಲ ಅಂತ ಇರುತ್ತದೆ.